ಲ್ಯಾಟಿನ್ ನುಡಿಗಳಿಗೆ ಕನ್ನಡದ್ದೇ ಒಂದು ಕಾಲಂ

ಕ್ರಿ.ಪೂ. 47ರಲ್ಲಿ ಜೂಲಿಯಸ್ ಸೀಸರ್ ಈಗಿನ ಟರ್ಕಿಯ ಝೇಲಾ ಎಂಬಲ್ಲಿ ಪಾಂಟಸ್‌ನ ರಾಜ ಫಾರ್ನಕೆಸ್‌ನನ್ನು ಸೋಲಿಸಿದ. ಆ ಗೆಲುವನ್ನು ರೋಮನ್ನರ ಭಾಷೆಯಾದ ಲ್ಯಾಟಿನ್‌ನಲ್ಲಿ ಮೂರೇ ಮಾತಿನಲ್ಲಿ ಹೇಳಿದ: ವೇನಿ, ವೀದಿ, ವೀಕಿ. ರೋಮನ್ನರು ಸಿ ಅಕ್ಷರವನ್ನು 'ಕ' ಎಂದೇ ಉಚ್ಚರಿಸುತ್ತಿದ್ದರು, ಅದಕ್ಕೇ ವೀಚಿ ಅಲ್ಲ, ವೀಕಿ.

ಇಂಗ್ಲಿಷ್‌ನಲ್ಲಿ ಇದು ಐ ಕೇಮ್, ಐ ಸಾ, ಐ ಕಾಂಕರ್ಡ್. ಆರು ಪದ. ಕನ್ನಡದಲ್ಲಿ ಬರೆದು ನೋಡಿ: ಬಂದೆ, ನೋಡಿದೆ, ಗೆದ್ದೆ. 'ನಾನು' ಬೇಕೇ ಇಲ್ಲ! ಅಲ್ಲಿ ಕೊನೆಯ 'ಇ' ಮಾಡುವ ಕೆಲಸವನ್ನು ಇಲ್ಲಿ ಕೊನೆಯ 'ಎ' ಮಾಡುತ್ತದೆ. ಜೊತೆಗೆ ಮೂರು ಪದಕ್ಕೂ ಪ್ರಾಸ ಕೂಡುತ್ತದೆ. ಇದು ಹೊಳೆದ ದಿನವೇ, ಲ್ಯಾಟಿನ್ ನುಡಿಗಳನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅರ್ಥದ ಪಕ್ಕ ಇನ್ನೊಂದು ಗೆರೆ ಎಳೆದು ಕನ್ನಡಕ್ಕೂ ಒಂದು ಕಾಲಂ ಮಾಡಿದೆ. ಈಗ ನನಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತಿದೆ.

ಕಾರ್ಪೆ ದಿಯೆಮ್ ತಗೊಳ್ಳಿ. ರೋಮನ್ ಕವಿ ಹೊರೇಸ್‌ನ ಮಾತಿದು, ಕ್ರಿ.ಪೂ. 23ರಲ್ಲಿ ಹೊರಬಂದ ಕವಿತೆಗಳಲ್ಲಿದೆ. ಎಲ್ಲರೂ ಬರೆಯುವ ಅರ್ಥ ಸೀಜ್ ದ ಡೇ. ಸೀಜ್ ಅಂದರೆ ಗಬಕ್ಕನೆ ಹಿಡಿದುಕೊಳ್ಳುವುದು. ಆದರೆ ಕಾರ್ಪೆ ತೋಟದ ಪದ. ಹೂವು, ಹಣ್ಣು ಬಿಡಿಸು ಅಂತ ಅದರ ಅರ್ಥ. ಮಲ್ಲಿಗೆ ಮೊಗ್ಗು ಬಿಡಿಸುವುದನ್ನು ನೆನಪು ಮಾಡಿಕೊಳ್ಳಿ. ಎರಡು ಬೆರಳಲ್ಲಿ ತೊಟ್ಟು ಹಿಡಿದು ಮೆಲ್ಲಗೆ ಚಿವುಟಬೇಕು. ನಾಳೆ ಬಿಡಿಸೋಣ ಅಂತ ಬಿಟ್ಟರೆ ಅಷ್ಟರಲ್ಲಿ ಅದು ಅರಳಿ ಬಾಡಿರುತ್ತದೆ. ಆ ಕವಿತೆಯಲ್ಲಿ ಹೊರೇಸ್ ಒಬ್ಬ ಹೆಣ್ಣಿಗೆ ಹೇಳುತ್ತಾನೆ: ನಾವು ಎಷ್ಟು ದಿನ ಬದುಕುತ್ತೇವೆ ಅಂತ ಜ್ಯೋತಿಷ್ಯ ಕೇಳಬೇಡ, ಉದ್ದ ಬೆಳೆದ ಆಸೆಯನ್ನು ಕತ್ತರಿಸಿ ಗಿಡ್ಡ ಮಾಡು, ಈ ದಿನವನ್ನು ಬಿಡಿಸಿಕೋ, ನಾಳೆಯನ್ನು ಆದಷ್ಟು ಕಡಿಮೆ ನಂಬು. ಬಳ್ಳಿ ಸವರುವವನ ಮಾತಿನ ಹಾಗಿದೆ, ಅಲ್ವಾ? ನನ್ನ ಕಾಲಂನಲ್ಲಿ 'ದಿನವನ್ನು ಬಿಡಿಸಿಕೋ' ಎಂದೇ ಬರೆದಿದ್ದೇನೆ.

ಆಲೆಯಾ ಯಾಕ್ತಾ ಎಸ್ತ್. ಕ್ರಿ.ಪೂ. 49ರ ಜನವರಿಯಲ್ಲಿ ಸೀಸರ್ ಸೈನ್ಯ ಕಟ್ಟಿಕೊಂಡು ರೂಬಿಕಾನ್ ಎಂಬ ಸಣ್ಣ ನದಿ ದಾಟುವಾಗ ಹೇಳಿದ್ದು. ದಾಟಿದರೆ ರೋಮ್ ಮೇಲೆಯೇ ಯುದ್ಧ. ಇಂಗ್ಲಿಷ್‌ನ ದ ಡೈ ಈಸ್ ಕಾಸ್ಟ್ ಓದಿ ನಾನು ಮೊದಲು ಅಚ್ಚಿಗೆ ಲೋಹ ಎರೆಯುವುದು ಅಂದುಕೊಂಡಿದ್ದೆ. ಇಲ್ಲಿ ಡೈ ಅಂದರೆ ದಾಳ. ಕನ್ನಡದಲ್ಲಿ 'ದಾಳ ಎಸೆದಾಯಿತು' ಅಂದರೆ ಮುಗಿಯಿತು. ಆ 'ಆಯಿತು' ಇದೆಯಲ್ಲ, ಇನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ ಅನ್ನುವುದನ್ನು ಅದೇ ಹೇಳಿಬಿಡುತ್ತದೆ. ರೋಮನ್ ಲೇಖಕ ಸೂಟೋನಿಯಸ್ ಇದನ್ನೇ ಪದಗಳ ಕ್ರಮ ಬದಲಿಸಿ 'ಯಾಕ್ತಾ ಆಲೆಯಾ ಎಸ್ತ್' ಎಂದು ಬರೆದಿದ್ದಾನೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ಪ್ರಕಾರ ಸೀಸರ್ ಅದನ್ನು ಗ್ರೀಕ್‌ನಲ್ಲಿ ಹೇಳಿದ, ಅದರ ಅರ್ಥ 'ದಾಳ ಬೀಳಲಿ'. ಒಂದರಲ್ಲಿ ಕೆಲಸ ಮುಗಿದಿದೆ, ಇನ್ನೊಂದರಲ್ಲಿ ಕೈ ಈಗಷ್ಟೇ ಮೇಲೆದ್ದಿದೆ.

ಎಲ್ಲ ಕಡೆಯೂ ಕನ್ನಡವೇ ಸಲೀಸು ಅಂತಲ್ಲ. ಒಲಿಂಪಿಕ್ಸ್‌ನ ಧ್ಯೇಯವಾಕ್ಯ ಸಿಟಿಯಸ್, ಆಲ್ಟಿಯಸ್, ಫಾರ್ಟಿಯಸ್‌ಗೆ ಇಂಗ್ಲಿಷ್‌ನ ಫಾಸ್ಟರ್, ಹೈಯರ್, ಸ್ಟ್ರಾಂಗರ್ ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ 'ಇನ್ನೂ' ಸೇರಿಸಲೇಬೇಕು: ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ. 2021ರಲ್ಲಿ ಇದಕ್ಕೆ ಕಮ್ಯುನಿಟರ್, ಅಂದರೆ 'ಒಟ್ಟಿಗೆ', ಸೇರಿತು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ (ಈಗ ಡೀಮ್ಡ್ ವಿಶ್ವವಿದ್ಯಾಲಯ) ಧ್ಯೇಯವಾಕ್ಯ ಲೂಕೆತ್ ಎತ್ ಆರ್ದೆತ್. ಅಲ್ಲಿ ಕೊಡುವ ಇಂಗ್ಲಿಷ್ ರೂಪ ಶೈನ್ ಟು ಎನ್‌ಕಿಂಡಲ್. ಲ್ಯಾಟಿನ್‌ನಲ್ಲಿ ಇರುವುದು ಸುಮ್ನೆ ಎರಡು ಕ್ರಿಯಾಪದ, ನಡುವೆ 'ಮತ್ತು': ಬೆಳಗುತ್ತದೆ, ಉರಿಯುತ್ತದೆ. ಇಲ್ಲಿ ನಾನು ತುಂಬ ಹೊತ್ತು ನಿಂತೆ. ಬೆಳಗುತ್ತಾನೋ, ಬೆಳಗುತ್ತಾಳೋ, ಬೆಳಗುತ್ತದೋ? ಲ್ಯಾಟಿನ್‌ಗೆ ಆ ಭೇದವಿಲ್ಲ, ಕ್ರಿಯಾಪದದ ಕೊನೆಯ ಒಂದೇ 'ಎತ್' ಮೂರಕ್ಕೂ ಸಾಕು. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು.

ಕಾನೂನು ಓದುವವರಿಗೆ ಮ್ಯಾಂಡಮಸ್ ರಿಟ್ ಗೊತ್ತು, ಅಂದರೆ ನಿನ್ನ ಕರ್ತವ್ಯ ಮಾಡು ಅಂತ ಕೋರ್ಟ್ ಅಧಿಕಾರಿಗೆ ಕೊಡುವ ಆದೇಶ. ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಬರುತ್ತದೆ. ಅದು ಹೆಸರಲ್ಲ, ಪೂರ್ತಿ ವಾಕ್ಯ: 'ಆಜ್ಞಾಪಿಸುತ್ತೇವೆ'. ಕೊನೆಯ 'ಮಸ್' ನಮ್ಮ 'ಏವೆ'. ಅದೇ ಮಸ್ ಓರೇಮುಸ್ ಎಂಬ ಪದದಲ್ಲೂ ಇದೆ. ಅಲ್ಲಿ ಮಾತ್ರ ಅದಕ್ಕೆ 'ಓಣ' ಹಾಕಿ. 1960ರ ದಶಕದವರೆಗೂ ಮಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಪಾದ್ರಿಗಳು ಹೇಳುತ್ತಿದ್ದ 'ಓರೇಮುಸ್'ನ ಅರ್ಥ ಇಷ್ಟೇ: ಪ್ರಾರ್ಥಿಸೋಣ.