"ನಾಳೆ ಬಾ" ಅಂತ ಬಾಗಿಲಿಗೆ ಬರೆಯೋ ಅಭ್ಯಾಸ: ಕೆಲಸ ಮುಂದೂಡೋದರ ಬಗ್ಗೆ ನನ್ನ ಟಿಪ್ಪಣಿ

ಚಿಕ್ಕವರಿದ್ದಾಗ ಕೇಳಿದ ಕತೆ ನಿಮಗೂ ನೆನಪಿರ್ಬೋದು, ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ರೆ ಓದ್ಕೊಂಡು ವಾಪಸ್ ಹೋಗುತ್ತೆ, ಮರುದಿನ ಬಂದ್ರೂ ಅಲ್ಲಿ ಅದೇ "ನಾಳೆ ಬಾ" ಇರುತ್ತೆ. ಕಷ್ಟದ ಸಬ್ಜೆಕ್ಟನ್ನ ನಾವು ಕಳಿಸೋದೂ ಹೀಗೇ. ನಾಳೆ ಓದೋಣ ಅಂದ ತಕ್ಷಣ ಮನಸ್ಸು ಹಗುರ ಆಗುತ್ತಲ್ಲ, ಆ ಹಗುರ ಆಗೋದ್ರಲ್ಲೇ ಇಡೀ ವಿಷಯ ಇದೆ ಅಂತ ನನಗೆ ಅರ್ಥ ಆಗೋಕೆ ಎರಡು ವರ್ಷ ಹಿಡೀತು.

ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಗೊಬ್ಬರದ ಅಂಗಡೀಲಿ ಲೆಕ್ಕ ಬರ್ಕೊಂಡು ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಹುದ್ದೆ) ಪರೀಕ್ಷೆಗೆ ಓದ್ತಿರೋಳು. ಜೊತೆಗೆ ಓದೋರು ಇನ್ನೂ ಮೂರು ಜನ ಇದ್ದೀವಿ, ಎಲ್ಲರದ್ದೂ ಒಂದೇ ಗೋಳು, ಟೈಮ್ ಟೇಬಲ್ ಹಾಕೋದು, ಗೋಡೆಗೆ ಅಂಟಿಸೋದು, ಮೂರನೇ ದಿನಕ್ಕೆ ಅದರ ಕಡೆ ತಿರುಗಿ ನೋಡೋಕೂ ಬೇಜಾರು. ಅದಕ್ಕೇ ಈ ವಿಷಯ ಓದಿ, ನನ್ನ ಮೇಲೇ ಪ್ರಯೋಗ ಮಾಡಿ, ತಿಳಿದಷ್ಟು ಬರೆದಿಟ್ಟಿದ್ದೀನಿ.

ಮೊದ್ಲು ಸೋಮಾರಿತನದ ಮಾತು

ಮನೇಲಿ ಎಲ್ಲರೂ ಸೋಮಾರಿ ಅಂತಾರೆ, ನಾವೂ ನಂಬಿಬಿಡ್ತೀವಿ. ಆದ್ರೆ ಸೋಮಾರಿಗೆ ಕೆಲಸ ಬಿದ್ದಿದೆ ಅಂತ ಸಂಕಟ ಇರಲ್ಲ, ನಮಗೆ ರಾತ್ರಿ ನಿದ್ದೆ ಬರಲ್ಲ. ಒಂದು ಭಾನುವಾರ ನಾನು ಗಣಿತದ "ಕಾಲ ಮತ್ತು ಕೆಲಸ" ಪಾಠದ ಲೆಕ್ಕ ಮಾಡೋಕೆ ಕೂತೋಳು, ಎದ್ದು ಶೆಲ್ಫ್ ಒರೆಸಿದೆ, ಬಟ್ಟೆ ಒಗೆದೆ, ಅಮ್ಮ ಕೇಳದೇ ಇದ್ರೂ ಕರಿಮೆಣಸು ಆರಿಸಿ ಕೊಟ್ಟೆ. ಸಂಜೆ ಸೊಂಟ ನೋವು ಬರೋಷ್ಟು ದುಡಿದಿದ್ದೆ, ಲೆಕ್ಕ ಮಾತ್ರ ಒಂದೂ ಆಗಿರ್ಲಿಲ್ಲ. 2013ರಲ್ಲಿ ಫ್ಯೂಶಾ ಸಿರೋಯ್ ಮತ್ತು ಟಿಮೊಥಿ ಪಿಚಿಲ್ ಅನ್ನೋ ಮನಶ್ಶಾಸ್ತ್ರಜ್ಞರು ಬರೆದಿದ್ದೂ ಇದನ್ನೇ, ಕೆಲಸ ನೆನೆಸ್ಕೊಂಡಾಗ ಹುಟ್ಟೋ ಕಿರಿಕಿರಿಯಿಂದ ತಪ್ಪಿಸ್ಕೊಳ್ಳೋಕೆ ನಾವು ಮುಂದೂಡ್ತೀವಿ, ಈಗಿನ ನೆಮ್ಮದಿಗೆ ಮುಂದಿನ ನಮ್ಮನ್ನ ಅಡ ಇಡ್ತೀವಿ.

ಹಾಗಾದ್ರೆ ಬರೀ ಟೈಮ್ ಟೇಬಲ್ ಹಾಕಿದ್ರೆ ಸಾಲಲ್ಲ, ಕಿರಿಕಿರಿ ಯಾವುದು ಅಂತ ಹಿಡೀಬೇಕು. ನಾನು ಪುಸ್ತಕ ಮುಚ್ಚೋಕೆ ಮನಸ್ಸಾದಾಗ ಅಂಚಲ್ಲಿ ಒಂದು ಪದ ಬರೀತೀನಿ: ಭಯ, ಬೋರು, ಇಲ್ಲಾಂದ್ರೆ "ಗೊತ್ತಿಲ್ಲ". ಒಂದು ತಿಂಗಳು ಬರೆದು ನೋಡಿದ್ರೆ ಜಾಸ್ತಿ ಇದ್ದಿದ್ದು "ಗೊತ್ತಿಲ್ಲ", ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಿಲ್ಲ. "ಸಂವಿಧಾನ ಓದ್ಬೇಕು" ಅಂತ ಬರ್ಕೊಂಡ್ರೆ ಕೈ ಎಲ್ಲಿಗೆ ಹಾಕೋದು ಹೇಳಿ? ಅದೇ "ವಿಧಿ 14ರಿಂದ 18, ಸಮಾನತೆಯ ಹಕ್ಕು, ಓದಿ ಐದು ಪ್ರಶ್ನೆ ಬರೆಯೋದು" ಅಂತ ಇದ್ರೆ ಪುಟ ತೆಗೆದು ಕೂರ್ಬೋದು.

ಹುತ್ತರಿ ಮುಹೂರ್ತ

ಇದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು, ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಸಮಯ ನಿಶ್ಚಯ ಮಾಡ್ತಾರಲ್ಲ, ನೆರೆ (ಪೂಜೆಯ ಎಲೆಗಳ ಕಟ್ಟು) ಕಟ್ಟೋಕೆ ಇಷ್ಟು ಗಂಟೆ ಇಷ್ಟು ನಿಮಿಷ, ಕದಿರು (ಭತ್ತದ ತೆನೆ) ತೆಗೆಯೋಕೆ ಇಷ್ಟು, ಊಟಕ್ಕೆ ಇಷ್ಟು ಅಂತ. ಆ ರಾತ್ರಿ ಎಷ್ಟೇ ಚಳಿ ಇದ್ರೂ "ಇವತ್ತು ಗದ್ದೆಗೆ ಹೋಗೋಣ್ವಾ, ನಾಳೆ ನೋಡೋಣ್ವಾ" ಅಂತ ಯಾರಾದ್ರೂ ಕೇಳಿದ್ದನ್ನ ನೋಡಿದ್ದೀರಾ? ಸಮಯ ಬಂತು, ದೀಪ ಹಿಡ್ಕೊಂಡು ಹೊರಟ್ರು, ಗುಂಡು ಹಾರಿತು, "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ಕೊಯ್ದಾಯ್ತು. ಯಾವಾಗ, ಎಲ್ಲಿ, ಏನು ಅನ್ನೋದು ಮುಂಚೆನೇ ತೀರ್ಮಾನ ಆಗಿರೋದ್ರಿಂದ ಆ ಹೊತ್ತಲ್ಲಿ ಮನಸ್ಸಿನ ಜೊತೆ ಜಗಳ ಆಡೋ ಕೆಲಸನೇ ಇರಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದಾರೆ. 1997ರಲ್ಲಿ ಪ್ರಕಟ ಆದ ಒಂದು ಪ್ರಯೋಗದಲ್ಲಿ, ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆದ್ರಿ ಅಂತ 48 ಗಂಟೆ ಒಳಗೆ ಬರೀರಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ರು. ಎಲ್ಲಿ, ಯಾವಾಗ ಕೂತು ಬರೀತೀವಿ ಅಂತ ಮೊದ್ಲೇ ಗೊತ್ತು ಮಾಡ್ಕೊಂಡವರಲ್ಲಿ ಹೆಚ್ಚು ಕಮ್ಮಿ ಮುಕ್ಕಾಲು ಪಾಲು ಜನ ಮುಗಿಸಿದ್ರು, ಮಿಕ್ಕವರಲ್ಲಿ ಮೂರರಲ್ಲಿ ಒಂದು ಪಾಲು ಅಷ್ಟೇ.

ನನ್ನ ಮುಹೂರ್ತ ಹೀಗಿದೆ: ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಕೂಡ್ಲೇ, ಅಡುಗೆಮನೆ ಮೇಜಲ್ಲಿ, ಎರಡು ಲೆಕ್ಕ. ಎರಡೇ. ಮಳೆಗಾಲಕ್ಕೆ ಇನ್ನೊಂದು ಬೇಕು, ಯಾಕಂದ್ರೆ ನಮ್ಮ ಕಡೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ರೆ ಕರೆಂಟು ದಿನಗಟ್ಟಲೆ ಬರಲ್ಲ, ಅದನ್ನೇ ನೆಪ ಮಾಡ್ಕೊಂಡು ವಾರ ಕಳೆದುಹೋಗುತ್ತೆ. ಹಾಗಾಗಿ "ಕರೆಂಟ್ ಹೋದ್ರೆ ಎಮರ್ಜೆನ್ಸಿ ಲೈಟ್ ಹಚ್ಚಿ ಹಿಂದಿನ ದಿನದ ಐದು ಪ್ರಶ್ನೆಗೆ ಉತ್ತರ ಬಾಯಲ್ಲಿ ಹೇಳೋದು" ಅಂತ ಬರೆದಿಟ್ಟಿದ್ದೀನಿ. ತೊಂದರೆ ಬರೋಕೆ ಮುಂಚೆನೇ ಅದಕ್ಕೆ ಉತ್ತರ ಇಟ್ಕೊಳ್ಳೋದು ಅಂದ್ರೆ ಇಷ್ಟೇ.

ಇನ್ನು ಅಂದಾಜು. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ನಾವು ಲೆಕ್ಕ ಹಾಕೋದು ಯಾವಾಗಲೂ ಕಡಿಮೆನೇ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲೇ ಇದನ್ನ ಗುರುತಿಸಿದ್ರು, 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಪ್ರಬಂಧ ಬರೀತಿದ್ದ ವಿದ್ಯಾರ್ಥಿಗಳನ್ನ ಕೇಳಿದಾಗ ಸರಾಸರಿ 34 ದಿನ ಸಾಕು ಅಂದಿದ್ರು, ಹಿಡಿದಿದ್ದು ಸುಮಾರು 55 ದಿನ. ಅದಕ್ಕೆ ನಾನು ಏನೇ ಅಂದಾಜು ಮಾಡಿದ್ರೂ ಒಂದೂವರೆ ಪಟ್ಟು ಮಾಡ್ತೀನಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ನಮ್ಮಲ್ಲಿ ಕಾಫಿ ಕೊಯ್ಲು, ಮನೇಲಿ ಎಲ್ಲರ ಕೈ ಬೇಕು, ಆ ತಿಂಗಳುಗಳಿಗೆ ಹೊಸ ಪಾಠ ಇಟ್ಕೊಳ್ಳೋದೇ ಇಲ್ಲ.

ಕಾಫಿ ಅಂದಾಗ ನೆನಪಾಯ್ತು, ಹೂ ಮಳೆ ಬಂದು ಕಾಫಿ ಹೂವಿಂದ ತೋಟ ಬೆಳ್ಳಗಾದ್ರೆ ಅಷ್ಟಕ್ಕೇ ಫಸಲು ಬರಲ್ಲ, ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಅಂದ್ರೆ ಹೂ ಕಾಯಿ ಕಟ್ಟೋಕೆ ಎರಡನೇ ಮಳೆ ಆಗ್ಬೇಕು, ಆಗದಿದ್ರೆ ಅಪ್ಪ ಸ್ಪ್ರಿಂಕ್ಲರ್ ಹಾಕೋಕೆ ಓಡಾಡ್ತಾರೆ. ಹೊಸ ಪಾಠ ಓದಿದ ದಿನಾನೇ ಕ್ಯಾಲೆಂಡರಲ್ಲಿ ಎರಡು ವಾರ ಮುಂದಕ್ಕೆ ರಿವಿಷನ್ ಅಂತ ಬರೆಯೋದನ್ನ ನಾನು ಕಲಿತಿದ್ದು ಅಲ್ಲಿಂದ.

ಪೊಮೊಡೊರೊ ಅನ್ನೋ ಟೈಮರ್ ಪದ್ಧತಿ ಬಗ್ಗೆ ಎಲ್ಲರೂ ಕೇಳ್ತೀರಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು, 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ್ಮೇಲೆ ದೊಡ್ಡ ಬಿಡುವು. ಲೆಕ್ಕಕ್ಕೆ ಚೆನ್ನಾಗಿದೆ, ಇತಿಹಾಸ ಓದುವಾಗ ಮಧ್ಯೆ ಗಂಟೆ ಹೊಡೆದ್ರೆ ನನಗೆ ತಾಳ ತಪ್ಪುತ್ತೆ. ಟೈಮರ್‌ಗೆ ಅಂತ ಫೋನ್ ಹತ್ರ ಇಟ್ಕೋಬೇಡಿ, ಗೋಡೆ ಗಡಿಯಾರ ಸಾಕು.

ಕೊನೇದಾಗಿ ಒಂದು ಮಾತು ಹೇಳ್ಲೇಬೇಕು. ಹೋದ ವರ್ಷ ಒಂದು ಅರ್ಜಿಯನ್ನ ಕೊನೆ ದಿನದ ತನಕ ಎಳೆದು ಫೀಸ್ ಕಟ್ಟೋಕಾಗದೆ ಅವಕಾಶ ಕಳ್ಕೊಂಡೆ. ಎರಡು ತಿಂಗಳು ನನ್ನನ್ನೇ ಬೈಕೊಂಡು ಪುಸ್ತಕ ಮುಟ್ಲಿಲ್ಲ, ಪುಸ್ತಕ ಕಂಡ್ರೆ ಆ ದಿನ ನೆನಪಾಗ್ತಿತ್ತು. ಅಮ್ಮ ಒಂದು ದಿನ "ತಪ್ಪು ನಿಂದೇ, ಆಯ್ತಲ್ಲ, ಇನ್ನೆಷ್ಟು ದಿನ ಅದನ್ನೇ ಹೊತ್ಕೊಂಡಿರ್ತೀಯ ಮಗಾ" ಅಂದ್ರು. ಆಮೇಲೆ ಓದಿದ್ದು, 2010ರಲ್ಲಿ ಮೈಕಲ್ ವೋಲ್, ಪಿಚಿಲ್ ಮತ್ತು ಶ್ಯಾನನ್ ಬೆನೆಟ್ 119 ಜನ ಮೊದಲ ವರ್ಷದ ವಿದ್ಯಾರ್ಥಿಗಳನ್ನ ಗಮನಿಸಿದ್ರಂತೆ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನ ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಕ್ಷಮಿಸೋದು ಅಂದ್ರೆ ನೆಪ ಹೇಳೋದಲ್ಲ, ಅಮ್ಮ ಹೇಳಿದ ಹಾಗೆ ಮೊದ್ಲು "ತಪ್ಪು ನಂದೇ" ಅನ್ಬೇಕು.

ಈ ವಾರದ ನನ್ನ ಹಾಳೆ: ಸೋಮವಾರದಿಂದ ಶುಕ್ರವಾರ ಪಾತ್ರೆ ತೊಳೆದ ಮೇಲೆ ಎರಡು ಲೆಕ್ಕ, ಶನಿವಾರ ವಿಧಿ 19ರಿಂದ 22, ಭಾನುವಾರ ಬೆಳಿಗ್ಗೆ ಅಮ್ಮನ ಜೊತೆ ಸಂತೆ, ಮಧ್ಯಾಹ್ನ ಎರಡು ವಾರದ ಹಿಂದಿನ ಪಾಠದ ರಿವಿಷನ್. ನಿಮ್ಮ ಹಾಳೇಲಿ ಮೊದಲ ಸಾಲು ಏನಿದೆ ಅಂತ ನಂಗೂ ಹೇಳಿ, ಹೊತ್ತು ಮತ್ತು ಜಾಗ ಎರಡನ್ನೂ ಸೇರಿಸಿ.