ಬೇಡ ಅಂತ ಬರೆದುಕೊಟ್ಟರೆ ಪೋಸ್ಟ್ ಮಾರ್ಟಂ ನಿಲ್ಲುತ್ತಾ?

ಪ್ರಶ್ನೆ: ಚಿಕ್ಕಪ್ಪ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಕಾರಣ ಎಲ್ಲರ ಕಣ್ಣೆದುರೇ ಇತ್ತು. ಆದರೂ ಪೋಸ್ಟ್ ಮಾರ್ಟಂ ಯಾಕೆ? ಮನೆಯವರು ಬೇಡ ಅಂದರೆ ಬಿಡಲ್ವಾ? ಒಳಗೆ ಕಿಡ್ನಿ ತೆಗೆದುಕೊಳ್ಳುತ್ತಾರಂತೆ, ನಿಜಾನಾ?

ಉತ್ತರ: ನೀವು ಬೇಡ ಅಂದ ಮಾತ್ರಕ್ಕೆ ಬಿಡಲ್ಲ. ಅಪಘಾತ, ಆತ್ಮಹತ್ಯೆ, ಕೊಲೆ, ಅನುಮಾನದ ಸಾವುಗಳಲ್ಲಿ ತೀರ್ಮಾನ ಮನೆಯವರದ್ದಲ್ಲ, ಡಾಕ್ಟರದ್ದೂ ಅಲ್ಲ. ಪೊಲೀಸರು ಪಂಚರನ್ನು, ಅಂದರೆ ಸ್ಥಳೀಯ ಸಾಕ್ಷಿಗಳನ್ನು ಕರೆದು ಶವ ಪಂಚನಾಮೆ (ದೇಹ ನೋಡಿ ಬರೆಯುವ ವರದಿ) ಮಾಡಿ, ಪರೀಕ್ಷೆಗೆ ಬರೆಯುತ್ತಾರೆ. ಇದಕ್ಕೆ ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ ಸೆಕ್ಷನ್ 174 ಇತ್ತು, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ ಸೆಕ್ಷನ್ 194. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಪಂಚನಾಮೆಗೆ ತಹಶೀಲ್ದಾರರೇ ಬರುತ್ತಾರೆ. ಕಾಯಿಲೆಯಿಂದ ಸತ್ತವರ ರೋಗ ತಿಳಿಯಲು ಆಸ್ಪತ್ರೆಯವರು ಕೇಳಿದರೆ ಮಾತ್ರ ನಿಮ್ಮ ಒಪ್ಪಿಗೆ ಬೇಕು.

ಬಿದ್ದದ್ದನ್ನು ನೋಡಿದಿರಿ, ಸರಿ. ಬೀಳುವ ಮುಂಚೆಯೇ ಹಾರ್ಟ್ ಅಟ್ಯಾಕ್ ಆಗಿತ್ತಾ? ನಾಳೆ ಪರಿಹಾರದ ಕೇಸು ಹಾಕಿದರೆ ವಕೀಲರು ಕೇಳುವುದೇ ಈ ರಿಪೋರ್ಟನ್ನು.

ಇನ್ನು ಕಿಡ್ನಿ. ಹೇಳಿ ಹೇಳಿ ಸಾಕಾಗಿದೆ, ಆದರೂ ಕೇಳಿ. ರಕ್ತ ಹರಿಯುವುದು ನಿಂತ ಮೇಲೆ ಕಿಡ್ನಿ ಬಹಳ ಹೊತ್ತು ಉಳಿಯಲ್ಲ. ರಾತ್ರಿಯಿಡೀ ಶವಾಗಾರದಲ್ಲಿದ್ದ ದೇಹದ್ದು ಯಾರಿಗೂ ಜೋಡಿಸಲು ಬರಲ್ಲ. ದಾನದ ಕಿಡ್ನಿ ಹೆಚ್ಚಾಗಿ ಬರುವುದು ಬದುಕಿರುವ ಸಂಬಂಧಿಕರಿಂದ. ಇಲ್ಲವೇ ಐಸಿಯುನಲ್ಲಿ ಮೆದುಳು ಸತ್ತು, ವೆಂಟಿಲೇಟರ್ ಮೇಲೆ ಹೃದಯ ಇನ್ನೂ ಬಡಿಯುತ್ತಿರುವವರಿಂದ. ಅದಕ್ಕೂ ಮನೆಯವರು ಸಹಿ ಹಾಕಬೇಕು, 1994ರ ಅಂಗಾಂಗ ಕಸಿ ಕಾಯ್ದೆ ಇದೆ.

ಹಾಗಾದರೆ ಈ ಸುದ್ದಿ ಹುಟ್ಟಿದ್ದೆಲ್ಲಿ? ವಿಷದ ಅನುಮಾನವಿದ್ದರೆ ಹೊಟ್ಟೆ ಮತ್ತು ಅದರಲ್ಲಿದ್ದದ್ದು, ಸಣ್ಣ ಕರುಳಿನ ತುಂಡು, ಲಿವರ್‌ನ ಚೂರು, ಎರಡೂ ಕಿಡ್ನಿಯ ಅರ್ಧರ್ಧ ತೆಗೆದು, ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನ ಬಾಟಲಿಗಳಲ್ಲಿಟ್ಟು ಸೀಲ್ ಮಾಡುತ್ತಾರೆ. ಪೊಲೀಸರು ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಹೊರಗೆ ನಿಂತವರ ಕಣ್ಣಿಗೆ ಬೀಳುವುದು ಆ ಬಾಟಲಿ. ಉಪ್ಪಿನಲ್ಲಿ ನೆನೆದ ಅರ್ಧ ಕಿಡ್ನಿಯನ್ನು ಯಾರು ಕೊಳ್ಳುತ್ತಾರೆ ಹೇಳಿ? ಮಿಕ್ಕದ್ದನ್ನೆಲ್ಲ ಒಳಗೇ ಇಟ್ಟು ಹೊಲಿದು ಕೊಡುತ್ತಾರೆ.

ಯಾರೂ ಕೇಳದ ಒಂದು ಮಾತು ಇದೆ. ಸತ್ತ ಮೇಲೂ ಕೊಡಬಹುದಾದದ್ದು ಕಣ್ಣು. ಕಣ್ಣಿನ ಮುಂಭಾಗದ ಕಾರ್ನಿಯಾಕ್ಕೆ ರಕ್ತನಾಳವೇ ಇಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಗಾಳಿಯಿಂದಲೇ ಸಿಗುತ್ತದೆ. ಅದಕ್ಕೇ ಸುಮಾರು 6 ಗಂಟೆಯೊಳಗೆ ತೆಗೆದರೂ ಸಾಕು. ಪೊಲೀಸ್ ಕೇಸ್ ಆದರೂ ಅವಕಾಶವಿದೆ, ಪರೀಕ್ಷೆಗೆ ಕಣ್ಣು ಬೇಕಿಲ್ಲ ಅಂತಾದರೆ. ಪಂಚನಾಮೆ ನಡೆಯುವಾಗಲೇ ಇನ್ಸ್‌ಪೆಕ್ಟರಿಗೆ ಹೇಳಿ, ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಬಟ್ಟೆ ಇಡಿ.