ಐದು ಸಾವಿರದ ಗೇಮ್ ಅರೆಬೆಂದು ಬರುವುದೇಕೆ?

ಪುಣೆಯಲ್ಲಿ ಗೇಮ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಬೇರೆ ದೇಶದ ದೊಡ್ಡ ಕಂಪನಿಗಳ ಗೇಮ್‌ಗಳು ಬಿಡುಗಡೆಗೆ ಮುಂಚೆ ನಮ್ಮ ಕೈಗೆ ಬರುತ್ತವೆ. ಆಡುತ್ತೇವೆ, ಎಲ್ಲೆಲ್ಲಿ ಕೆಡುತ್ತದೆ ಅಂತ ಹುಡುಕುತ್ತೇವೆ, ಬರೆದು ಕಳಿಸುತ್ತೇವೆ. ಹಾಗಾಗಿ ಕನ್ನಡ ಸಂಘದ ಕಾರ್ಯಕ್ರಮ ಇರಲಿ, ಕೋಥ್ರೂಡ್‌ನ ನಮ್ಮ ಸೊಸೈಟಿಯ ಗಣಪತಿ ಇರಲಿ, ಹುಡುಗರ ಕೈಗೆ ಸಿಕ್ಕಿದರೆ ಬೈಗುಳ ನನಗೇ. ಈಚೆಗೆ ಪಕ್ಕದ ಮನೆಯ ವಿಜಯಪುರದವರ ಮಗ ಕೇಳಿದ: "ಅಕ್ಕಾ, ಐದ್ ಸಾವಿರ ರೊಕ್ಕ ಕೊಟ್ಟೀನಿ. ಕುದುರಿ ಗ್ವಾಡಿಯೊಳಗ ಸಿಕ್ಕೊಂಡು ಹೊರಗ ಬರವಲ್ತು. ನಿಮ್ಮಂಥಾವ್ರು ಇದನ್ನ ನೋಡೂದಿಲ್ಲೇನು?"

ನೋಡುತ್ತೇವೆ. ಮೊದಲ ವಾರ ನೀವು ಕಾಣುವ ದೊಡ್ಡ ದೋಷಗಳಲ್ಲಿ ಹೆಚ್ಚಿನವು ನಮಗೆ ಮೊದಲೇ ಕಂಡಿರುತ್ತವೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ನೋಡಿದ್ದು ಇದೇ. ಕಂಡೂ ಅವು ಹೇಗೆ ಉಳಿಯುತ್ತವೆ ಅನ್ನೋದು ಆಡುವವರಿಗೆ ಗೊತ್ತಿರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಗೇಮ್‌ನ ಹೆಸರು ಬೇಡ. ಅದರಲ್ಲೊಂದು ಲಿಫ್ಟ್. ಲಿಫ್ಟ್ ಮೇಲೆ ಹೋಗುತ್ತಿರುವಾಗ ಗೇಮ್ ತಾನಾಗಿ ಸೇವ್ ಆಗುತ್ತದೆ. ಅದಾದ ಕೂಡಲೇ ಆಟಗಾರ ಸತ್ತರೆ ಆ ಸೇವ್‌ನಿಂದಲೇ ಮತ್ತೆ ಶುರು. ಆದರೆ ಲಿಫ್ಟ್ ಎಷ್ಟು ಎತ್ತರದಲ್ಲಿತ್ತು ಅನ್ನೋದು ಕೆಲವೊಮ್ಮೆ ಸೇವ್‌ನಲ್ಲಿ ದಾಖಲಾಗುತ್ತಿರಲಿಲ್ಲ. ಲಿಫ್ಟ್ ನೆಲಮಹಡಿಯಲ್ಲಿ, ಆಟಗಾರ ಗಾಳಿಯಲ್ಲಿ. ಬೀಳುತ್ತಾನೆ, ಸಾಯುತ್ತಾನೆ. ಮತ್ತೆ ಅದೇ ಸೇವ್, ಮತ್ತೆ ಬೀಳುತ್ತಾನೆ. ಹಳೆಯ ಸೇವ್ ಇಲ್ಲದವರಿಗೆ ಆಟ ಅಲ್ಲಿಗೆ ಮುಗಿಯಿತು. ನಮ್ಮ ತಂಡದ ಹುಡುಗಿಯೊಬ್ಬಳು ಇದನ್ನು ಹಿಡಿದಳು. ಪ್ರತಿ ಸಲ ಆಗುವುದಿಲ್ಲ, ಆಗಾಗ ಆಗುತ್ತದೆ ಅಂತ ಬರೆದಳು. ವಿಡಿಯೊ ಹಾಕಿದಳು. ಏನೇನು ಮಾಡಿದರೆ ಹೀಗಾಗುತ್ತದೆ ಅಂತ ಹಂತ ಹಂತವಾಗಿ ಬಿಡಿಸಿಟ್ಟಳು.

ಆಮೇಲೆ ಟ್ರಯಾಜ್ ಮೀಟಿಂಗ್, ಅಂದರೆ ಯಾವ ದೋಷ ಸರಿಮಾಡಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವ ಸಭೆ. ಬಿಡುಗಡೆಗೆ ಕೆಲವೇ ವಾರ ಇದೆ. ಪ್ರೊಡ್ಯೂಸರ್, ಪ್ರೋಗ್ರಾಮಿಂಗ್ ಲೀಡ್, ಟೆಸ್ಟಿಂಗ್ ಲೀಡ್ ಕೂತು ಒಂದೊಂದೇ ಬಗ್ (ದೋಷ) ತೆಗೆದು ನೋಡುತ್ತಾರೆ. ಒಂದಕ್ಕೆ ಸಿಗುವುದು ಒಂದೆರಡು ನಿಮಿಷ. ಲಿಫ್ಟ್ ಸರಿಮಾಡಬಹುದು, ಆದರೆ ಸೇವ್ ಕೋಡ್ ಮುಟ್ಟಬೇಕು ಅಂದರು ಪ್ರೋಗ್ರಾಮರ್. ಸೇವ್ ಕೋಡ್ ಮುಟ್ಟಿದರೆ ಇಡೀ ಗೇಮ್ ಮೊದಲಿಂದ ಕೊನೆತನಕ ಮತ್ತೆ ಆಡಿ ನೋಡಬೇಕು. ಇಲ್ಲಿ ಸರಿಮಾಡಿದ್ದು ಇನ್ನೆಲ್ಲೋ ಕೆಡಿಸಿರಬಹುದು. ಅಷ್ಟು ದಿನ ಇರಲಿಲ್ಲ. ಅವರು ಹೇಳಿದ್ದು ನಿಜವೇ. ಬಗ್ ಮೇಲೆ 'ವೋಂಟ್ ಫಿಕ್ಸ್', ಅಂದರೆ ಸರಿಮಾಡುವುದಿಲ್ಲ, ಅಂತ ಮುದ್ರೆ ಬಿತ್ತು. ಬಿಡುಗಡೆ ಆದ ಮೂರ್ನಾಲ್ಕು ದಿನಕ್ಕೆ ಅದೇ ಲಿಫ್ಟ್‌ನ ವಿಡಿಯೊಗಳು ಎಲ್ಲೆಡೆ ಓಡಾಡಿದವು. 'ಇವರು ಟೆಸ್ಟೇ ಮಾಡಿಲ್ಲ' ಅಂತ ಕೆಳಗೆ ಜನ ಬರೆದಿದ್ದರು. ಆ ಹುಡುಗಿ ಅದನ್ನೆಲ್ಲ ಕೂತು ಓದಿದಳು. ನನಗೆ ಇವತ್ತಿಗೂ ಅದು ನೆನಪಾದರೆ ಸಂಕಟ ಆಗುತ್ತದೆ.

ಸೈಬರ್‌ಪಂಕ್ 2077 ಗೇಮ್ ನೆನಪಿದೆ ಅಲ್ವಾ? 2020ರ ಒಂದೇ ವರ್ಷದಲ್ಲಿ ಅದರ ದಿನಾಂಕ ಮೂರು ಸಲ ಮುಂದೆ ಹೋಯಿತು. ಕೊನೆಗೆ ಡಿಸೆಂಬರ್ 10ಕ್ಕೆ ಬಂತು. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆದುಹಾಕಿ ಕೊಂಡವರಿಗೆ ದುಡ್ಡು ವಾಪಸ್ ಕೊಡಲು ಮುಂದಾಯಿತು. ಮತ್ತೆ ಸ್ಟೋರ್‌ಗೆ ಬಂದದ್ದು 2021ರ ಜೂನ್‌ನಲ್ಲಿ. ಆ ವರ್ಷದ ಜನವರಿಯಲ್ಲೇ ಗೇಮ್ ಮಾಡಿದ ಸಿಡಿ ಪ್ರಾಜೆಕ್ಟ್ ಕಂಪನಿಯ ಸಹಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ ಒಂದು ವಿಡಿಯೊ ಮಾಡಿ ಕ್ಷಮೆ ಕೇಳಿದರು. ತಪ್ಪು ಆಡಳಿತದ್ದು, ತಂಡಗಳನ್ನು ದೂರಬೇಡಿ ಅಂದರು. ಅದು ದೊಡ್ಡತನ. ಆದರೆ ಅದೇ ವಿಡಿಯೊದಲ್ಲಿ, ನೀವು ಕಂಡ ತೊಂದರೆಗಳಲ್ಲಿ ಬಹಳಷ್ಟು ನಮ್ಮ ಟೆಸ್ಟಿಂಗ್‌ನಲ್ಲಿ ಕಂಡಿರಲಿಲ್ಲ ಅಂತಲೂ ಹೇಳಿದರು. ಕೆಲವೇ ದಿನಗಳಲ್ಲಿ ಬ್ಲೂಮ್‌ಬರ್ಗ್‌ನಲ್ಲಿ ವರದಿ ಬಂತು. ಅದರಲ್ಲಿ ಗೇಮ್ ಮಾಡಿದವರೇ ಹೇಳಿದ್ದರು: ಸಾಮಾನ್ಯ ದೋಷಗಳಲ್ಲಿ ಹಲವು ಮೊದಲೇ ಸಿಕ್ಕಿದ್ದವು, ಸರಿಮಾಡಲು ಸಮಯ ಇರಲಿಲ್ಲ. ಆ ಸಾಲು ಓದಿದಾಗ ನಮ್ಮ ಆಫೀಸಿನಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ.

ಹಾಗಾದರೆ ದಿನಾಂಕ ಯಾರು ಇಡುತ್ತಾರೆ? ಬಹಳ ಸಲ ಲೆಕ್ಕಪತ್ರ ನೋಡುವವರು. ದೊಡ್ಡ ಪ್ರಕಾಶಕ ಕಂಪನಿಗಳಲ್ಲಿ ಹಲವಕ್ಕೆ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ವರ್ಷದ ಲೆಕ್ಕದಲ್ಲಿ ಗೇಮ್‌ನ ಮಾರಾಟ ಬರಲೇಬೇಕು ಅಂತ ಷೇರುದಾರರಿಗೆ ಮಾತು ಕೊಟ್ಟಿರುತ್ತಾರೆ. ಜಾಹೀರಾತಿನ ಜಾಗ ಬುಕ್ ಆಗಿರುತ್ತದೆ. ಮೊದಲಾದರೆ ಗೇಮ್ ಕಾರ್ಟ್ರಿಜ್‌ನಲ್ಲಿ ಬರುತ್ತಿತ್ತು. ಒಮ್ಮೆ ಅಂಗಡಿ ಸೇರಿದ ಮೇಲೆ ತಿದ್ದುವ ಮಾತೇ ಇಲ್ಲ. ಆಗಲೂ ದೋಷಗಳಿದ್ದವು, ಇಲ್ಲ ಅಂತ ಹೇಳಲಾರೆ. ಈಗ ಇಂಟರ್ನೆಟ್ ಮೂಲಕ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಬಹುದು. ಪ್ಯಾಚ್ ಒಳ್ಳೆಯದೇ. ಆದರೆ ಮೀಟಿಂಗ್‌ನಲ್ಲಿ 'ಪ್ಯಾಚ್‌ನಲ್ಲಿ ನೋಡೋಣ' ಅನ್ನೋ ಮಾತು ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಗೇಮ್ ಮುಗಿದಿದೆಯಾ ಅಂತ ಕೇಳುವವರೇ ಇರುವುದಿಲ್ಲ.

ದುಡ್ಡಿನ ಮಾತೂ ಇದೆ. 2023ರಲ್ಲಿ ಅಮೆರಿಕದ ಕೋರ್ಟ್‌ಗೆ ಸೋನಿ ಸಲ್ಲಿಸಿದ ದಾಖಲೆಯಲ್ಲಿ ಮಸಿ ಬಳಿದು ಮುಚ್ಚಿದ್ದ ಗೇಮ್ ಖರ್ಚಿನ ಅಂಕಿಗಳು ಓದಲು ಬಂದವು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21 ಕೋಟಿ ಡಾಲರ್. ಎರಡನೆಯದಕ್ಕೆ ಐದು ವರ್ಷ, ಒಂದು ಹಂತದಲ್ಲಿ 300 ಜನ. ಇಷ್ಟು ಸುರಿದವರು ಹೊಸದಕ್ಕೆ ಕೈಹಾಕಲು ಹೆದರುತ್ತಾರೆ. ಹೋದ ಸಲ ಓಡಿದ್ದನ್ನೇ ಇನ್ನೂ ದೊಡ್ಡ ಮ್ಯಾಪ್‌ನಲ್ಲಿ ಹರಡುತ್ತಾರೆ. ಇಲ್ಲವೇ ವರ್ಷಗಟ್ಟಲೆ ದುಡ್ಡು ತರುವ ಆನ್‌ಲೈನ್ ಗೇಮ್‌ನ ಹಿಂದೆ ಬೀಳುತ್ತಾರೆ. ಸೋನಿಯ ಕಾಂಕರ್ಡ್ ಅನ್ನೋ ಗೇಮ್ ಹಾಗೆ ಬಂದದ್ದು 2024ರ ಆಗಸ್ಟ್ 23ಕ್ಕೆ. ಸೆಪ್ಟೆಂಬರ್ 6ಕ್ಕೆ ಸರ್ವರ್ ಮುಚ್ಚಿದರು. ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಸ್ಟುಡಿಯೊನೇ ಮುಚ್ಚಿತು. ಅಲ್ಲಿದ್ದವರೂ ವರ್ಷಗಟ್ಟಲೆ ದುಡಿದವರೇ.

ಇನ್ನು ಪಿಸಿಯಲ್ಲಿ ಆಡುವವರ ದೊಡ್ಡ ಗೋಳು: ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಗೇಮ್ ತಡವರಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಸುಮ್ನೆ 'ಆಪ್ಟಿಮೈಸೇಷನ್ ಇಲ್ಲ' ಅಂದರೆ ಏನೂ ತಿಳಿಯುವುದಿಲ್ಲ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕಾದರೆ ಒಂದು ಫ್ರೇಮ್ ಬರೆಯಲು ಯಂತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಪರದೆಯ ಮೇಲಿನ ನೀರು, ಬೆಂಕಿ, ಚರ್ಮ ಇವೆಲ್ಲ ಹೇಗೆ ಕಾಣಬೇಕು ಅಂತ ಹೇಳುವ ಪುಟ್ಟ ಪ್ರೋಗ್ರಾಂಗಳಿಗೆ ಶೇಡರ್ ಅನ್ನುತ್ತಾರೆ. ಪ್ಲೇಸ್ಟೇಷನ್ 5ರಲ್ಲಿ ಯಾವ ಚಿಪ್ ಇದೆ ಅಂತ ಗೇಮ್ ಮಾಡುವವರಿಗೆ ಗೊತ್ತು. ಶೇಡರ್‌ಗಳನ್ನು ಮೊದಲೇ ಆ ಚಿಪ್‌ಗೆ ತಕ್ಕಂತೆ ತಯಾರಿಸಿ ಕಳಿಸುತ್ತಾರೆ. ಪಿಸಿಯಲ್ಲಿ ಹಾಗಲ್ಲ. ನಿಮ್ಮ ಕಾರ್ಡ್ ಬೇರೆ, ನಿಮ್ಮ ಗೆಳೆಯನದು ಬೇರೆ, ಕಾರ್ಡ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಬೇರೆ. ಹಾಗಾಗಿ ತಯಾರಿ ಸಾಮಾನ್ಯವಾಗಿ ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಆಗಬೇಕು. ಮೊದಲೇ ತಯಾರಿಸಿಕೊಳ್ಳದಿದ್ದರೆ, ನೀವು ಮೊದಲ ಸಲ ಬೆಂಕಿ ಹಚ್ಚಿದ ಆ ಕ್ಷಣದಲ್ಲೇ ಬೆಂಕಿಯ ಶೇಡರ್ ತಯಾರಾಗಬೇಕು. ಅದಕ್ಕೆ 100 ಮಿಲಿಸೆಕೆಂಡ್ ಹಿಡಿದರೆ ಆರು ಫ್ರೇಮ್ ಹೋಯಿತು. ಕಣ್ಣಿಗೆ ಅದು ಜರ್ಕ್. ಎರಡನೇ ಸಲ ಅದೇ ಬೆಂಕಿ ಹಚ್ಚಿದರೆ ಏನೂ ಆಗುವುದಿಲ್ಲ. ಟೆಸ್ಟಿಂಗ್‌ನಲ್ಲಿ ಇದು ತಪ್ಪಿಸಿಕೊಳ್ಳುವುದೂ ಹೀಗೇ. ಒಂದೇ ಕಂಪ್ಯೂಟರಿನಲ್ಲಿ ದಿನಾ ಅದೇ ಜಾಗ ಆಡಿದರೆ ಶೇಡರ್‌ಗಳೆಲ್ಲ ಆಗಲೇ ತಯಾರಾಗಿ ಕೂತಿರುತ್ತವೆ, ಗೇಮ್ ನುಣ್ಣಗೆ ಓಡುತ್ತದೆ. ಅದಕ್ಕೇ ನಮ್ಮಲ್ಲಿ ಶೇಡರ್ ಕ್ಯಾಶ್, ಅಂದರೆ ತಯಾರಾದ ಶೇಡರ್‌ಗಳನ್ನು ಕೂಡಿಟ್ಟ ಸಂಗ್ರಹ, ಅಳಿಸದೆ ಪಿಸಿ ಟೆಸ್ಟ್ ಶುರು ಮಾಡಬಾರದು ಅಂತ ನಾನು ಹಟ ಹಿಡಿಯುತ್ತೇನೆ.

ನಮ್ಮ ಊರಿನ ಮಾತು ಬಿಡಲಾರೆ. 2020ರ ಸೆಪ್ಟೆಂಬರ್‌ನಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ 2003ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್ ಗೇಮನ್ನು ಹೊಸದಾಗಿ ಮಾಡುವುದಾಗಿ ಹೇಳಿತು. ಮಾಡುವವರು ಅದರ ಪುಣೆ ಮತ್ತು ಮುಂಬೈ ಸ್ಟುಡಿಯೊಗಳು. ನಾನು ಅಲ್ಲಿ ಕೆಲಸ ಮಾಡಿದವಳಲ್ಲ, ಆದರೂ ಹೆಮ್ಮೆ ಆಗಿತ್ತು. ಟ್ರೇಲರ್ ಬಂದಾಗ ಚಿತ್ರ ಹಳೆಯದಾಗಿ ಕಾಣುತ್ತದೆ ಅಂತ ಜನ ಬೈದರು. ದಿನಾಂಕ ಮುಂದೆ ಹೋಯಿತು. 2022ರ ಮೇನಲ್ಲಿ ಕೆಲಸ ಕೆನಡಾದ ಮಾಂಟ್ರಿಯಲ್ ಸ್ಟುಡಿಯೊಗೆ ಹೋಯಿತು. 2026ರ ಜನವರಿಯಲ್ಲಿ ಕಂಪನಿ ಆ ಗೇಮನ್ನೇ ಕೈಬಿಟ್ಟಿತು. ಆಗ ಕೆಲವರು 'ಇಂಡಿಯಾದವರ ಕೈಲಿ ಆಗಲ್ಲ' ಅಂದದ್ದು ನನಗೆ ಸಿಟ್ಟು ತರಿಸುತ್ತದೆ. ಮಾಂಟ್ರಿಯಲ್‌ಗೆ ಹೋದ ಮೇಲೂ ಅದು ಬರಲಿಲ್ಲ. ಜಗತ್ತಿನ ದೊಡ್ಡ ಗೇಮ್‌ಗಳ ಮರ, ಬಂದೂಕು, ಮುಖ ಮಾಡುವವರಲ್ಲಿ, ಟೆಸ್ಟ್ ಮಾಡುವವರಲ್ಲಿ ಪುಣೆ, ಮುಂಬೈ, ಬೆಂಗಳೂರಿನವರು ಎಷ್ಟೋ ಜನ ಇದ್ದಾರೆ. ಕ್ರೆಡಿಟ್ಸ್ ಪೂರ್ತಿ ಓಡಲು ಬಿಟ್ಟು ನೋಡಿ, ಹೆಸರುಗಳು ಸಿಗುತ್ತವೆ.

ಸಮಯ ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಬಾಲ್ಡರ್ಸ್ ಗೇಟ್ 3 ಗೇಮ್ ನೋಡಿ. 2020ರ ಅಕ್ಟೋಬರ್‌ನಲ್ಲಿ ಅದರ ಮೊದಲ ಭಾಗ ಮಾತ್ರ ಅರ್ಲಿ ಆಕ್ಸೆಸ್ ಆಗಿ, ಅಂದರೆ ಗೇಮ್ ಮುಗಿಯುವ ಮುಂಚೆಯೇ ಕೊಂಡು ಆಡಲು, ಬಂತು. ಪೂರ್ತಿ ಗೇಮ್ 2023ರ ಆಗಸ್ಟ್‌ನಲ್ಲಿ. ನಡುವೆ ಹತ್ತಿರ ಹತ್ತಿರ ಮೂರು ವರ್ಷ ಜನ ಆ ಭಾಗ ಆಡಿ, ಬೈದು, ಹೊಗಳಿ ತಿದ್ದಿಸಿದರು. ಬಿಡುಗಡೆಯಾದಾಗ ಮೊದಲ ಭಾಗ ಅಚ್ಚುಕಟ್ಟಾಗಿತ್ತು. ದೂರುಗಳು ಜಾಸ್ತಿ ಬಂದದ್ದು ಮೂರನೇ ಭಾಗದ ಬಗ್ಗೆ, ಹೊರಗಿನ ಆಟಗಾರರ ಕೈಗೆ ಮೊದಲು ಸಿಗದಿದ್ದ ಭಾಗ ಅದು. ಒಂದೇ ತಂಡ, ಒಂದೇ ಗೇಮ್. ನಾನು ಹೊಸ ಹುಡುಗರಿಗೆ ಪಾಠ ಹೇಳುವಾಗ ಇದನ್ನೇ ತೋರಿಸುತ್ತೇನೆ.

ಆಡುವವರು ಏನು ಮಾಡಬಹುದು? ಪ್ರೀ-ಆರ್ಡರ್ ಮಾಡಬೇಡಿ, ಅಂದರೆ ಬಿಡುಗಡೆಗೆ ಮುಂಚೆಯೇ ಕೊಳ್ಳಬೇಡಿ. ನನ್ನ ಮನೆಯವರಿಗೂ ಇದನ್ನೇ ಹೇಳುತ್ತೇನೆ. ಡೌನ್‌ಲೋಡ್ ಗೇಮ್ ಖಾಲಿಯಾಗುವ ಸರಕಲ್ಲ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೀಫಂಡ್ ಇದೆ: ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಒಂದು ಎಚ್ಚರ. 2023ರಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದಾಗ ಶೇಡರ್ ತಯಾರಾಗಲಿಕ್ಕೇ ಬಹಳ ಹೊತ್ತು ಹಿಡಿಯಿತು, ಆ ಹೊತ್ತೂ ಎರಡು ಗಂಟೆಯ ಲೆಕ್ಕಕ್ಕೆ ಸೇರಿತು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ನಿಯಮ ಇನ್ನೂ ಬಿಗಿ. ಡೌನ್‌ಲೋಡ್ ಶುರು ಮಾಡಿದರೆ, ಗೇಮ್‌ನಲ್ಲೇ ದೋಷ ಇಲ್ಲದ ಹೊರತು, ದುಡ್ಡು ಬರುವುದಿಲ್ಲ. 4,999 ರೂಪಾಯಿ ಕೊಡುವ ಮುಂಚೆ ನಿಮ್ಮದೇ ಯಂತ್ರದಲ್ಲಿ ಗೇಮ್ ಹೇಗೆ ಓಡುತ್ತದೆ ಅನ್ನೋ ವಿಡಿಯೊ ಹುಡುಕಿ ನೋಡಿ.

ಕೊಂಡಾಗಿದೆ, ದೋಷ ಸಿಕ್ಕಿದೆ ಅಂದರೆ ದಯವಿಟ್ಟು ಕಂಪನಿಯ ಸಪೋರ್ಟ್ ಪುಟದಲ್ಲಿ ಬರೆಯಿರಿ. ಬರೆದು ಏನು ಪ್ರಯೋಜನ ಅನ್ನಬೇಡಿ. ನಮ್ಮ ಲಿಫ್ಟ್ ಬಗ್ ಮತ್ತೆ ತೆರೆದದ್ದು ಆಟಗಾರರ ದೂರುಗಳು ರಾಶಿ ಬಿದ್ದ ಮೇಲೆಯೇ. ಎರಡನೇ ಪ್ಯಾಚ್‌ನಲ್ಲಿ ಸರಿಹೋಯಿತು. ಗೇಮ್‌ನ ವರ್ಷನ್ ನಂಬರ್ ಹಾಕಿ. ಯಾವ ಯಂತ್ರ, ಪಿಸಿ ಆದರೆ ಯಾವ ಕಾರ್ಡ್, ಯಾವ ಡ್ರೈವರ್ ಅಂತ ಬರೆಯಿರಿ. 'ಗೇಮ್ ಹಾಳು' ಅಂತ ಬರೆದರೆ ನಮಗೆ ಹುಡುಕಲು ಏನೂ ಸಿಗುವುದಿಲ್ಲ. 'ಎರಡನೇ ಊರಿನಲ್ಲಿ ಕುದುರೆಯಿಂದ ಇಳಿದೆ, ಬಾಗಿಲು ತೆಗೆದೆ, ಮತ್ತೆ ಹತ್ತಿದೆ, ಕುದುರೆ ಗೋಡೆಯೊಳಗೆ ಹೋಯಿತು' ಅಂತ ಬರೆದರೆ ಅರ್ಧ ಕೆಲಸ ಆದಂತೆ. ವಿಡಿಯೊ ಹಾಕುವಾಗ ಕುದುರೆ ಸಿಕ್ಕಿಕೊಂಡದ್ದನ್ನಷ್ಟೇ ಹಾಕಬೇಡಿ. ಅದಕ್ಕೂ ಅರ್ಧ ನಿಮಿಷ ಮುಂಚಿನಿಂದ ಹಾಕಿ. ಪ್ರೋಗ್ರಾಮರ್ ಮೊದಲು ನೋಡುವುದು ಅದನ್ನೇ.